ಬೇಲಿಗೊಂದು ಕಂಡಿ, ಮೂಲೆಗಿಷ್ಟು ತರಗೆಲೆ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ಅಕ್ಟೋಬರ್ ತಿಂಗಳ ಒಂದು ಸಂಜೆ, ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಕಾಡುಪ್ರಾಣಿಯ ಚಳಿಗಾಲದ ಬಗ್ಗೆ ಆಡಿದ ಮಾತುಗಳು. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಮಾತಾಡುವುದಾದರೆ ಅಕ್ಟೋಬರಿನಲ್ಲೇ ಆಗಬೇಕು ಎಂದು ಸಂಘಟಕರ ಹತ್ತಿರ ಹಟ ಹಿಡಿದಿದ್ದೆ. ಜನವರಿಯಲ್ಲಿ ಹಿಮ ಬಿದ್ದ ಮೇಲೆ ಹೆಜ್‌ಹಾಗ್‌ಗಳ ಮೇಲೆ ಎಲ್ಲರಿಗೂ ಕನಿಕರ ಉಕ್ಕುತ್ತದೆ. ಆದರೆ ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಆಗುವುದು ಬಹಳ ಸ್ವಲ್ಪ. ಒಂದು ಹೆಜ್‌ಹಾಗ್ ಚಳಿಗಾಲ ದಾಟುತ್ತದೋ ಇಲ್ಲವೋ ಎನ್ನುವುದು ಹೆಚ್ಚುಕಡಿಮೆ ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ ತೀರ್ಮಾನವಾಗಿರುತ್ತದೆ. ಅದು ಎಷ್ಟು ಕೊಬ್ಬು ಕಟ್ಟಿಕೊಂಡಿತು, ಗೂಡಿಗೆ ಎಲೆ ಸಿಕ್ಕಿತೋ ಇಲ್ಲವೋ, ಮಲಗಿದ ಮೇಲೆ ಯಾರಾದರೂ ಎಬ್ಬಿಸಿದರೋ, ಇಷ್ಟೇ ಪ್ರಶ್ನೆ. ಮೂರಕ್ಕೂ ನಮ್ಮ ಹಿತ್ತಲಿಗೂ ನೇರ ಸಂಬಂಧವಿದೆ.

ಮಕ್ಕಳ ಮನೆಗೆ ಊರಿನಿಂದ ಬಂದ ಹಿರಿಯರು ಸಭೆಯಲ್ಲಿ ಕಾಣುತ್ತಿದ್ದಾರೆ, ಅವರಿಗಾಗಿ ಒಂದೆರಡು ಮಾತು. ಇದು ನಮ್ಮ ಕಾಡಿನ ಮುಳ್ಳುಹಂದಿ ಅಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಗೆಡ್ಡೆಗೆಣಸು ಅಗೆದು ತಿನ್ನುತ್ತದೆ. ಹೆಜ್‌ಹಾಗ್ ಸೊಂಡಿಲಿಯ ಬಳಗದ್ದು. ಎರಡು ಬೊಗಸೆಯಲ್ಲಿ ಹಿಡಿಯುವಷ್ಟು ಗಾತ್ರ, ಮೈಮೇಲೆ 5,000ದಿಂದ 7,000 ಗಿಡ್ಡ ಮುಳ್ಳು, ಹೊಟ್ಟೆ ಮತ್ತು ಮುಖದ ಮೇಲೆ ಮಾತ್ರ ಕೂದಲು. ರಾತ್ರಿ ಹೊತ್ತು ಜೀರುಂಡೆ, ಕಂಬಳಿಹುಳು, ಎರೆಹುಳು ಹುಡುಕಿ ತಿನ್ನುತ್ತದೆ. ನಮ್ಮ ನೆರೆಯ ತಮಿಳುನಾಡು, ಆಂಧ್ರದ ಒಣ ಕುರುಚಲು ಭೂಮಿಯಲ್ಲೂ ಇದರ ದಾಯಾದಿ ಇದೆ, ಮದ್ರಾಸ್ ಹೆಜ್‌ಹಾಗ್ ಎನ್ನುತ್ತಾರೆ. ಅದಕ್ಕೆ ಇಲ್ಲಿನಂಥ ಹೆಪ್ಪುಗಟ್ಟುವ ಚಳಿ ಗೊತ್ತಿಲ್ಲ. ನಾನಿವತ್ತು ಮಾತಾಡುತ್ತಿರುವುದು ಇಲ್ಲಿನ, ನಿಮ್ಮ ಶೆಡ್ಡಿನ ಹಿಂದೆಯೇ ಇರಬಹುದಾದ ಯೂರೋಪಿನ ಹೆಜ್‌ಹಾಗ್ ಬಗ್ಗೆ.

2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ಸಾಲಿಗೆ ಸೇರಿಸಿತು. ಬ್ರಿಟನ್ನಿನ ಹೆಜ್‌ಹಾಗ್‌ಗಳ ಸ್ಥಿತಿಗತಿಯ ಬಗ್ಗೆ ಬಂದ 2022ರ ವರದಿಯ ಪ್ರಕಾರ, 2000ದಿಂದೀಚೆಗೆ ಹಳ್ಳಿಗಾಡಿನ ಹೆಜ್‌ಹಾಗ್‌ಗಳು ಜಾಗದಿಂದ ಜಾಗಕ್ಕೆ ಶೇ. 30ರಿಂದ 75ರವರೆಗೆ ಕಡಿಮೆಯಾಗಿವೆ. ಎರಡನೇ ಮಹಾಯುದ್ಧದ ನಂತರ ದೊಡ್ಡ ದೊಡ್ಡ ಹೊಲ ಮಾಡಲೆಂದು ಹಸಿರು ಬೇಲಿಗಳನ್ನು ಕಿತ್ತರು, ಕೀಟನಾಶಕ ಹೊಡೆದರು. ಹುಳುವೂ ಹೋಯಿತು, ಗೂಡು ಕಟ್ಟುವ ಬುಡವೂ ಹೋಯಿತು. ಪಟ್ಟಣಗಳಲ್ಲಿ ಮಾತ್ರ ಸಂಖ್ಯೆ ಇಳಿಯುವುದು ನಿಂತಿದೆ, ಕೆಲವೆಡೆ ಚೇತರಿಕೆಯ ಲಕ್ಷಣವೂ ಇದೆ ಎಂದು ಅದೇ ವರದಿ ಹೇಳುತ್ತದೆ. ಈ ಸಾಲನ್ನು ನಾವು ಎರಡು ಸಲ ಓದಬೇಕು. ಹಳ್ಳಿಯ ಪ್ರಾಣಿ ಈಗ ಪಟ್ಟಣದ ಹಿತ್ತಲನ್ನು ನಂಬಿಕೊಂಡಿದೆ. ಸೆಮಿ-ಡಿಟ್ಯಾಚ್ಡ್ ಮನೆ, ಅದರ ಹಿಂದೆ ಮೂವತ್ತು ಅಡಿ ಹುಲ್ಲು, ಸುತ್ತ ಮರದ ಹಲಗೆಯ ಬೇಲಿ: ನಮ್ಮಲ್ಲಿ ಬಹಳ ಜನರ ಮನೆ ಇಂಥದ್ದೇ. ಅಂದ ಮೇಲೆ ಈ ಪ್ರಾಣಿ ನಮ್ಮ ಹೊಣೆಯೂ ಹೌದು, ಹೊರಗಿನಿಂದ ಬಂದವರು ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಜ್‌ಹಾಗ್ ಚಳಿಗಾಲವನ್ನು ಕಳೆಯುವುದು ಶಿಶಿರನಿದ್ರೆಯಲ್ಲಿ. ನಿದ್ರೆ ಎಂದು ಕರೆದರೂ ನಾವು ರಾತ್ರಿ ಮಾಡುವ ನಿದ್ದೆಗೂ ಅದಕ್ಕೂ ಹೋಲಿಕೆ ಕಡಿಮೆ. ಎಚ್ಚರವಿದ್ದಾಗ ಅದರ ಮೈಯ ಬಿಸಿ 35 ಡಿಗ್ರಿಯ ಆಸುಪಾಸು. ಶಿಶಿರನಿದ್ರೆಯಲ್ಲಿ ಅದು 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿಯುತ್ತದೆ. ನಿಮಿಷಕ್ಕೆ 190 ಸಲ ಬಡಿಯುವ ಹೃದಯ 20ಕ್ಕೆ ಬರುತ್ತದೆ. ಉಸಿರು ಕೆಲವು ನಿಮಿಷಕ್ಕೊಮ್ಮೆ. ಮುಟ್ಟಿದರೆ ತಣ್ಣಗೆ, ಸತ್ತೇ ಹೋಗಿದೆ ಅನ್ನಿಸುವಂತೆ ಇರುತ್ತದೆ. ಹುಳು ಸಿಗದ ತಿಂಗಳುಗಳಲ್ಲಿ ಖರ್ಚನ್ನೇ ಇಳಿಸಿಬಿಡುವ ಉಪಾಯ ಇದು. ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ; ಗಂಡು ಮೊದಲು ಮಲಗುತ್ತದೆ, ಮೊದಲು ಏಳುತ್ತದೆ. ಹೆಣ್ಣು ಬೇಸಿಗೆಯಲ್ಲಿ ಮರಿ ಸಾಕಿ ಸೊರಗಿರುವುದರಿಂದ ಅದಕ್ಕೆ ಮೈ ತುಂಬಿಕೊಳ್ಳಲು ಇನ್ನಷ್ಟು ದಿನ ಬೇಕು.

ಈ ನಿದ್ದೆ ಒಂದೇ ಸಮನೆ ಸಾಗುವುದೂ ಇಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಮೈ ಕಾಯಿಸಿಕೊಂಡು ಎಚ್ಚರಗೊಳ್ಳುತ್ತದೆ. ಹೆಗಲ ಸುತ್ತ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬಿದೆ. ಅದರ ಕೆಲಸವೇ ಉರಿದು ಶಾಖ ಕೊಡುವುದು. ತಣ್ಣಗಾದ ಮೈಯನ್ನು ಮತ್ತೆ 35 ಡಿಗ್ರಿಗೆ ಏರಿಸಲು ಕೆಲವು ಗಂಟೆ ಹಿಡಿಯುತ್ತದೆ. ಇಡೀ ಚಳಿಗಾಲದಲ್ಲಿ ಕರಗುವ ಕೊಬ್ಬಿನ ಬಹುಪಾಲು ಖರ್ಚಾಗುವುದು ಮಲಗಿದ್ದಾಗ ಅಲ್ಲ, ಹೀಗೆ ಎದ್ದೇಳುವಾಗ. ಮಾರ್ಚ್ ಹೊತ್ತಿಗೆ ಮೈತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗಿರುತ್ತದೆ. 900 ಗ್ರಾಂ ಇದ್ದ ದೊಡ್ಡ ಹೆಜ್‌ಹಾಗ್ 600ಕ್ಕೆ ಬಂದರೆ ಬದುಕಿಕೊಳ್ಳುತ್ತದೆ. 300 ಗ್ರಾಂ ಇದ್ದ ಮರಿ 200ಕ್ಕೆ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಇದರಿಂದ ಒಂದು ಮಾತು ಹೊರಡುತ್ತದೆ. ನಮ್ಮ ಎಣಿಕೆಗೆ ಅದು ತಿರುವುಮುರುವು ಅನ್ನಿಸಬಹುದು. ಗಟ್ಟಿ ಗೂಡಿನಲ್ಲಿ ಮಲಗಿದ, ಮೈಯಲ್ಲಿ ಕೊಬ್ಬಿರುವ ಹೆಜ್‌ಹಾಗ್‌ಗೆ ಒಂದೇ ಹದದ ಚಳಿ ಒಳ್ಳೆಯದು. ಸುತ್ತಲಿನ ಉಷ್ಣಾಂಶ ನಾಲ್ಕು ಡಿಗ್ರಿಯ ಸುಮಾರಿಗಿದ್ದರೆ ಅದರ ಖರ್ಚು ಅತಿ ಕಡಿಮೆ. ಸೊನ್ನೆಯ ಕೆಳಗೆ ಹೋದರೆ ಮೈ ಹೆಪ್ಪುಗಟ್ಟದಂತೆ ಕೊಬ್ಬು ಸುಡಬೇಕು, ಅದು ನಿಜ. ಆದರೆ ಡಿಸೆಂಬರ್ ಕೊನೆಗೆ ಹನ್ನೆರಡು ಡಿಗ್ರಿಯ ಬಿಸಿಲು ಬಂದು, ಮೂರು ದಿನ ಕಳೆದು ಮತ್ತೆ ಹಿಮ ಬಿದ್ದು, ಮತ್ತೆ ಬಿಸಿಲಾದರೆ ಪ್ರಾಣಿ ಪದೇ ಪದೇ ಎದ್ದು ಹೊರಗೆ ಬರುತ್ತದೆ. ಹೊರಗೆ ಜೀರುಂಡೆ ಇಲ್ಲ, ಹುಳು ಇಲ್ಲ. ಹೀಗೆ ಏರಿಳಿಯುವ ಹಗುರ ಚಳಿಗಾಲಗಳು ಈಚೆಗೆ ಹೆಚ್ಚುತ್ತಿವೆ. ನನಗೆ ಹಿಮಕ್ಕಿಂತ ಅವುಗಳದ್ದೇ ಚಿಂತೆ. ಅದಕ್ಕೇ ಹೇಳುತ್ತೇನೆ, ಗೂಡಿನಲ್ಲಿ ಮಲಗಿರುವ ಆರೋಗ್ಯವಂತ ಹೆಜ್‌ಹಾಗನ್ನು "ಪಾಪ, ಚಳಿ" ಎಂದು ಎತ್ತಿ ಒಳಗೆ ತಂದು ರೇಡಿಯೇಟರ್ ಪಕ್ಕ ಇಡಬೇಡಿ. ಅದು ಉಳಿಸಿಟ್ಟದ್ದನ್ನು ನಾವೇ ಖರ್ಚು ಮಾಡಿಸಿದಂತಾಗುತ್ತದೆ.

ಡೆನ್ಮಾರ್ಕಿನ ಒಂದು ಅಧ್ಯಯನದ ವಿಷಯ ಇಲ್ಲಿ ಹೇಳಲೇಬೇಕು. 2016ರಲ್ಲಿ ಅಲ್ಲಿನ ಜನಸಾಮಾನ್ಯರು ರಸ್ತೆಬದಿ, ತೋಟಗಳಲ್ಲಿ ಸತ್ತುಬಿದ್ದಿದ್ದ 697 ಹೆಜ್‌ಹಾಗ್‌ಗಳನ್ನು ಸಂಗ್ರಹಿಸಿ ವಿಜ್ಞಾನಿ ಸೋಫಿ ಲುಂಡ್ ರಾಸ್ಮುಸೆನ್ ಅವರಿಗೆ ಒಪ್ಪಿಸಿದರು. ದವಡೆಯ ಮೂಳೆಯನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೆರೆಗಳು ಕಾಣುತ್ತವೆ. ಶಿಶಿರನಿದ್ರೆಯಲ್ಲಿ ಮೂಳೆ ಬೆಳೆಯುವುದೂ ನಿಲ್ಲುತ್ತದಲ್ಲ, ಪ್ರತಿ ಚಳಿಗಾಲವೂ ಒಂದು ಗೆರೆ ಎಳೆದು ಹೋಗುತ್ತದೆ. ಹಾಗೆ ವಯಸ್ಸು ಲೆಕ್ಕ ಹಾಕಿದಾಗ ಸರಾಸರಿ ಬಂದದ್ದು ಸುಮಾರು ಎರಡು ವರ್ಷ. ಆದರೆ ಒಂದು ಮಾತ್ರ 16 ವರ್ಷದ್ದು! ಹದಿನಾರು ಸಲ ಅದು ಮಲಗಿ ಎದ್ದಿದೆ. ಎಳೆಯ ಪ್ರಾಯದ ಒಂದೆರಡು ವರ್ಷ ದಾಟಿಸಿದರೆ ಈ ಪ್ರಾಣಿಗೆ ಎಷ್ಟು ಆಯಸ್ಸಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಗೂಡು. ಅಕ್ಟೋಬರಿನ ರಾತ್ರಿಗಳಲ್ಲಿ ಹೆಜ್‌ಹಾಗ್ ಬಾಯ್ತುಂಬ ಎಲೆ ಕಚ್ಚಿಕೊಂಡು ಓಡಾಡುವುದನ್ನು ಕ್ಯಾಮೆರಾ ಇಟ್ಟವರು ನೋಡಿರುತ್ತಾರೆ. ಬ್ಲ್ಯಾಕ್‌ಬೆರಿ ಪೊದೆಯ ಬುಡ, ಕಟ್ಟಿಗೆ ರಾಶಿ, ಶೆಡ್ಡಿನ ಅಡಿ, ಹೀಗೆ ಎಲೆ ಜಾರಿಹೋಗದಂತೆ ಆತುಕೊಳ್ಳುವ ಜಾಗ ಹುಡುಕುತ್ತದೆ. ಅಲ್ಲಿ ಎಲೆ ಗುಡ್ಡೆ ಹಾಕಿ, ಒಳಗೆ ನುಗ್ಗಿ, ಮುಳ್ಳಿನ ಮೈಯನ್ನು ಒತ್ತಿಕೊಂಡು ಗಿರಗಿರನೆ ಸುತ್ತುತ್ತದೆ. ಸುತ್ತಿದಂತೆ ಎಲೆಗಳು ಚಪ್ಪಟೆಯಾಗಿ, ಒಂದರ ಮೇಲೊಂದು ಒರಗಿ ಕೂರುತ್ತವೆ. ಮಲೆನಾಡಿನಲ್ಲಿ ಬೆಳೆದ ನನಗೆ ಅದನ್ನು ನೋಡಿದರೆ ಗೊರಬು ನೆನಪಾಗುತ್ತದೆ, ನೀರು ಒಳಗಿಳಿಯದಂತೆ ಎಲೆ ಜೋಡಿಸುವ ಅದೇ ಕೈಚಳಕ. ಗೋಡೆ 20 ಸೆಂಟಿಮೀಟರ್ ದಪ್ಪಕ್ಕೂ ಬರಬಹುದು. ಹೊರಗೆ ಹಿಮ ಬಿದ್ದಿದ್ದರೂ ಒಳಗಿನ ಉಷ್ಣಾಂಶ ಬಹಳ ಏರಿಳಿಯದೆ ನಿಲ್ಲುತ್ತದೆ. ಓಕ್, ಬೀಚ್, ಹೇಜಲ್‌ನಂಥ ಮರಗಳ ಮಧ್ಯಮ ಗಾತ್ರದ ಎಲೆ ಇದಕ್ಕೆ ಹೇಳಿ ಮಾಡಿಸಿದ್ದು. ಬಹಳಷ್ಟು ಹೆಜ್‌ಹಾಗ್‌ಗಳು ನಡುಚಳಿಗಾಲದಲ್ಲಿ ಒಮ್ಮೆಯಾದರೂ ಗೂಡು ಬದಲಿಸುತ್ತವೆ. ಆದ್ದರಿಂದ ಎಲೆ ನವೆಂಬರಿನಲ್ಲಿ ಮಾತ್ರ ಬೇಕು, ಆಮೇಲೆ ಗುಡಿಸಬಹುದು ಎಂದುಕೊಳ್ಳಬೇಡಿ.

ಅಂಗಳ ಗುಡಿಸುವುದು ನಮ್ಮ ಮನೆತನದಲ್ಲೇ ಬಂದಿರುವ ಅಭ್ಯಾಸ. ಬೆಳಿಗ್ಗೆ ಎದ್ದರೆ ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಇಡಬೇಕು. ಆ ಕಣ್ಣಿಗೆ ಹಿತ್ತಲಿನ ತರಗೆಲೆ ಕಸವಾಗಿಯೇ ಕಾಣುತ್ತದೆ. ದೀಪಾವಳಿಯ ಮುಂಚೆಯಂತೂ ಎಲ್ಲರ ಮನೆಯಲ್ಲೂ ಎಲೆ ಬಳಿದು ಬಿನ್ನಿಗೆ ತುಂಬಿ ಕೌನ್ಸಿಲ್ ಗಾಡಿಗೆ ಕೊಡುವ ಸಂಭ್ರಮ. ಮುಂಬಾಗಿಲಿನ ಅಂಗಳ ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಿ. ನಡೆಯುವ ದಾರಿಯಲ್ಲಿ ಎಲೆ ಕೊಳೆತು ಯಾರೂ ಜಾರಬಾರದು, ಅದನ್ನೂ ಗುಡಿಸಿ. ಗುಡಿಸಿದ್ದನ್ನು ಮಾತ್ರ ಬಿನ್ನಿಗೆ ಹಾಕದೆ ಹಿತ್ತಲಿನ ಒಂದು ಮೂಲೆಗೆ, ಪೊದೆಯ ಬುಡಕ್ಕೋ ಕಟ್ಟಿಗೆಯ ಪಕ್ಕಕ್ಕೋ ಒಟ್ಟಿಬಿಡಿ. ಆ ಮೂಲೆಯನ್ನು ಏಪ್ರಿಲ್‌ವರೆಗೆ ಮುಟ್ಟಬೇಡಿ. ನಾನು ಇವತ್ತು ಹೇಳುವುದರಲ್ಲಿ ಕಾಸಿನ ಖರ್ಚಿಲ್ಲದ, ಅತಿ ಹೆಚ್ಚು ಉಪಯೋಗದ ಕೆಲಸ ಇದೇ.

ಪೊದೆಯೇ ಇಲ್ಲದ ಹೊಸ ಮನೆಗಳಿದ್ದರೆ ಮರದ ಗೂಡುಪೆಟ್ಟಿಗೆ ಇಡಬಹುದು. ಕೊಳ್ಳುವಾಗಲೂ ಮಾಡಿಸುವಾಗಲೂ ನೋಡಬೇಕಾದದ್ದು ಬಾಗಿಲು: 13 ಸೆಂಟಿಮೀಟರ್ ಚೌಕ, ಅಂದರೆ ಐದಿಂಚು. ಬಾಗಿಲ ಹಿಂದೆ ಚಿಕ್ಕ ಸುರಂಗದಂಥ ಓಣಿ ಇದ್ದರೆ ಬೆಕ್ಕು, ನರಿ ಕೈ ಹಾಕಲಾರವು. ಉತ್ತರದ ಗಾಳಿಗೆ ಬೆನ್ನು ಮಾಡಿ, ನೆರಳಿನ, ಸದ್ದುಗದ್ದಲವಿಲ್ಲದ ಜಾಗದಲ್ಲಿ ಇಡಿ. ಒಳಗೆ ಸ್ವಲ್ಪ ಒಣ ಎಲೆ ಹಾಕಿ, ಉಳಿದದ್ದನ್ನು ಹೊರಗೆ ಹತ್ತಿರದಲ್ಲೇ ಬಿಡಿ, ಅದೇ ಎಳೆದುಕೊಂಡು ಹೋಗುತ್ತದೆ. ಊಟವನ್ನು ಗೂಡಿನ ಒಳಗೆ ಇಡಬೇಡಿ, ವಾಸನೆಗೆ ಬೇರೆ ಪ್ರಾಣಿಗಳು ಬರುತ್ತವೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಮುಚ್ಚಳ ತೆಗೆದು ನೋಡುವ ಆಸೆ ಮಕ್ಕಳಿಗೆ ಬರುತ್ತದೆ. ಬಾಗಿಲಿಗೆ ಅಡ್ಡಲಾಗಿ ಒಂದು ಹುಲ್ಲುಕಡ್ಡಿ ಇಡಿಸಿ. ಬೆಳಿಗ್ಗೆ ಕಡ್ಡಿ ಬಿದ್ದಿದ್ದರೆ ಓಡಾಟವಿದೆ ಎಂದು ಅರ್ಥ. ಮುಚ್ಚಳ ತೆಗೆಯುವುದೇ ಬೇಡ.

ಊಟದ ವಿಷಯದಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಹಾಲು ಇಡಬೇಡಿ. ನಾಗರಪಂಚಮಿಯಿಂದ ಹಿಡಿದು ಎಲ್ಲ ಜೀವಕ್ಕೂ ಹಾಲೆರೆಯುವ ಸಂಪ್ರದಾಯ ನಮ್ಮದು, ಅದರ ಹಿಂದಿನ ಮನಸ್ಸು ದೊಡ್ಡದು. ಆದರೆ ಹೆಜ್‌ಹಾಗ್‌ಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಚಳಿಯಲ್ಲಿ ಭೇದಿಯಾದರೆ ಮೈಯ ನೀರು, ಬಿಸಿ ಎರಡೂ ಹೋಗಿ ಸಾಯುತ್ತದೆ. ಇಂಗ್ಲಿಷರೂ ತಲೆತಲಾಂತರದಿಂದ ಇದಕ್ಕೆ ಹಾಲು-ಬ್ರೆಡ್ಡು ಇಡುತ್ತಿದ್ದವರೇ. ಈಗ ಎಲ್ಲ ಸಂಘಟನೆಗಳೂ ಬೇಡವೆನ್ನುತ್ತವೆ. ಮೊಸರನ್ನ, ಚಪಾತಿ ಚೂರು, ಬಿಸ್ಕತ್ತೂ ಬೇಡ. ಇಡಬೇಕಾದದ್ದು ಮಾಂಸದ ಬೆಕ್ಕಿನ ಆಹಾರ ಅಥವಾ ನಾಯಿ ಆಹಾರ; ಚಳಿಯಲ್ಲಿ ಬೇಗ ಹೆಪ್ಪುಗಟ್ಟದ ಒಣ ಬೆಕ್ಕಿನ ಬಿಸ್ಕತ್ತು ಅನುಕೂಲ. ಪಕ್ಕದಲ್ಲಿ ಚಪ್ಪಟೆ ಬಟ್ಟಲಿನಲ್ಲಿ ನೀರು. ಅಂಗಡಿಯಲ್ಲಿ ಹೆಜ್‌ಹಾಗ್ ಚಿತ್ರ ಹಾಕಿ ಮಾರುವ ಒಣಗಿಸಿದ ಮೀಲ್‌ವರ್ಮ್ ಹುಳುಗಳನ್ನು ಹೆಚ್ಚು ಕೊಡಬೇಡಿ. ಕಡಲೆಕಾಯಿ, ಸೂರ್ಯಕಾಂತಿ ಬೀಜವೂ ಅಷ್ಟೇ. ಅವುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದೇ ಊಟವಾದರೆ ಮೂಳೆಯ ಸುಣ್ಣ ಕರಗಿ ಕಾಲು ಸೊಟ್ಟಗಾಗುತ್ತದೆ, ನಡೆಯಲಾರದ ಪ್ರಾಣಿ ಬದುಕುವುದಿಲ್ಲ.

ಇಲ್ಲಿ ಶುದ್ಧ ಸಸ್ಯಾಹಾರಿ ಮನೆಗಳವರು ಬಹಳ ಜನ ಇದ್ದೀರಿ. ಬೆಕ್ಕಿಗೆ ಕೊಡುವ ಮಾಂಸದ ಆಹಾರದ ಡಬ್ಬಿ ಮನೆಯೊಳಗೆ ತರುವುದು ಕಷ್ಟ ಎಂದು ಕೆಲವರು ನನ್ನಲ್ಲಿ ಸಂಕೋಚದಿಂದ ಹೇಳಿಕೊಂಡಿದ್ದಾರೆ. ಸಂಕೋಚಪಡುವಂಥದ್ದೇನೂ ಇಲ್ಲ. ನೀವು ಊಟ ಇಡದಿದ್ದರೂ ನಡೆಯುತ್ತದೆ. ತರಗೆಲೆ ರಾಶಿ, ಕೊಳೆಯಲು ಬಿಟ್ಟ ಒಂದೆರಡು ಮರದ ತುಂಡು, ಕತ್ತರಿಸದೆ ಬಿಟ್ಟ ಒಂದು ಹುಲ್ಲಿನ ಪಟ್ಟಿ, ಇವುಗಳಲ್ಲಿ ಜೀರುಂಡೆ, ಹುಳು ತಾವೇ ಹುಟ್ಟಿ ಬೆಳೆಯುತ್ತವೆ. ಹೆಜ್‌ಹಾಗ್‌ಗೆ ಅದೇ ನಿಜವಾದ ಊಟ. ನೀರಂತೂ ಯಾರೂ ಇಡಬಹುದು. ಬಸವನಹುಳುಗಳ ಕಾಟಕ್ಕೆಂದು ಹಿಂದೆ ಎರಚುತ್ತಿದ್ದ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಗಳನ್ನು ಹೊರಗೆ ಬಳಸುವುದು 2022ರ ವಸಂತದಿಂದ ಗ್ರೇಟ್ ಬ್ರಿಟನ್ನಿನಲ್ಲಿ ನಿಷೇಧವಾಗಿದೆ. ಹಳೆಯ ಮನೆ ಕೊಂಡವರು ಶೆಡ್ಡಿನಲ್ಲಿ ಹಿಂದಿನವರು ಬಿಟ್ಟುಹೋದ ಡಬ್ಬಿ ಇದೆಯೇ ನೋಡಿ, ಇದ್ದರೆ ಕೌನ್ಸಿಲ್ಲಿನ ಕಸ ಕೇಂದ್ರಕ್ಕೆ ಒಪ್ಪಿಸಿ.

ಈಗ ಬೇಲಿ. ಒಂದು ಗಂಡು ಹೆಜ್‌ಹಾಗ್ ಒಂದು ರಾತ್ರಿಯಲ್ಲಿ ಎರಡು ಕಿಲೋಮೀಟರ್‌ವರೆಗೂ ನಡೆಯುತ್ತದೆ. ನಿಮ್ಮ ಹಿತ್ತಲು ಎಷ್ಟೇ ಚೆನ್ನಾಗಿದ್ದರೂ ಅದೊಂದೇ ಅದಕ್ಕೆ ಸಾಲದು. ಅದರಲ್ಲೂ ಕೊಬ್ಬು ಕಟ್ಟಬೇಕಾದ ಈ ತಿಂಗಳುಗಳಲ್ಲಿ ಹತ್ತು ಹಿತ್ತಲು ತಿರುಗಿದರೇ ಹೊಟ್ಟೆ ತುಂಬುವುದು. ಸಂದಿಲ್ಲದ ಹಲಗೆ ಬೇಲಿ, ಅದರಡಿ ಕಾಂಕ್ರೀಟ್ ಪಟ್ಟಿ ಇದ್ದರೆ ಅದು ರಸ್ತೆಗೇ ಇಳಿಯಬೇಕು, ಅಲ್ಲಿ ಕಾರಿಗೆ ಸಿಗುತ್ತದೆ. ಪರಿಹಾರ ಬಹಳ ಸರಳ. ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಚೌಕದ ಒಂದು ಕಂಡಿ. ಹೆಜ್‌ಹಾಗ್ ದಾಟುತ್ತದೆ, ಹೆಚ್ಚಿನ ಸಾಕುನಾಯಿಗಳು ದಾಟುವುದಿಲ್ಲ. ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿ ಮತ್ತು ಪೀಪಲ್ಸ್ ಟ್ರಸ್ಟ್ ಫಾರ್ ಎಂಡೇಂಜರ್ಡ್ ಸ್ಪೀಷೀಸ್ ಸೇರಿ 2011ರಲ್ಲಿ ಶುರು ಮಾಡಿದ ಹೆಜ್‌ಹಾಗ್ ಸ್ಟ್ರೀಟ್ ಎಂಬ ಅಭಿಯಾನದ ಮುಖ್ಯ ಬೇಡಿಕೆ ಇದೇ. ಹೊಸ ಬಡಾವಣೆಗಳಲ್ಲಿ ಇಂಥ ಕಂಡಿ ಕಡ್ಡಾಯವಾಗಲಿ ಎಂದು ಪರಿಸರ ಲೇಖಕ ಹ್ಯೂ ವಾರ್ವಿಕ್ ಶುರು ಮಾಡಿದ ಮನವಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿದ್ದಿದೆ.

ಕಂಡಿ ಕೊರೆಯುವ ಮುಂಚೆ ಪಕ್ಕದ ಮನೆಯವರನ್ನು ಕೇಳಬೇಕು, ಬೇಲಿ ಅವರದ್ದಾಗಿರಬಹುದು. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ. ವರ್ಷಗಟ್ಟಲೆ "ಹಲೋ" ಬಿಟ್ಟರೆ ಬೇರೆ ಮಾತಿಲ್ಲದ ನೆರೆಹೊರೆಯವರು ಹೆಜ್‌ಹಾಗ್ ಹೆಸರೆತ್ತಿದೊಡನೆ ಬೇಲಿಯ ಮೇಲೆ ಮೊಣಕೈ ಊರಿ ಅರ್ಧ ಗಂಟೆ ಮಾತಾಡುವುದನ್ನು ನಾನು ಕಂಡಿದ್ದೇನೆ. ಈ ದೇಶದವರಿಗೆ ಇದು ಬಾಲ್ಯದಿಂದ ಅಷ್ಟು ಪ್ರೀತಿಯ ಪ್ರಾಣಿ. ಮೇಲೆ ಹೇಳಿದ ಪ್ರಿಸರ್ವೇಶನ್ ಸೊಸೈಟಿ ಹುಟ್ಟಿದ್ದೂ ಒಬ್ಬರ ಕಳಕಳಿಯಿಂದಲೇ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಸಿದ ಗುಂಡಿಗಳಿರುತ್ತವಲ್ಲ, ಅದರೊಳಗೆ ಹೆಜ್‌ಹಾಗ್‌ಗಳು ಬಿದ್ದು ಮೇಲೆ ಬರಲಾಗದೆ ಸಾಯುತ್ತಿದ್ದವು. ಶ್ರಾಪ್‌ಶೈರಿನ ಮೇಜರ್ ಏಡ್ರಿಯನ್ ಕೋಲ್ಸ್ ಎಂಬವರು ಆ ಗುಂಡಿಗಳಿಗೆ ಇಳಿಜಾರು ಹಲಗೆ ಹಾಕಿಸಲು ಓಡಾಡಿ, 1982ರಲ್ಲಿ ಈ ಸಂಸ್ಥೆ ಕಟ್ಟಿದರು.

ಇಲ್ಲಿನವರು ಬಯಲಲ್ಲಿ ಕಟ್ಟಿಗೆ ರಾಶಿಗೆ ಬೆಂಕಿ ಹಾಕುವ ನವೆಂಬರ್ 5ರ ಬಾನ್‌ಫೈರ್ ರಾತ್ರಿ ನಮ್ಮ ದೀಪಾವಳಿಯ ಆಸುಪಾಸಿನಲ್ಲೇ ಬರುತ್ತದೆ. ವಾರ ಮೊದಲೇ ಒಟ್ಟಿದ ಕಟ್ಟಿಗೆ, ಎಲೆ ರಾಶಿ ಹೆಜ್‌ಹಾಗ್ ಕಣ್ಣಿಗೆ ಸಿದ್ಧವಾಗಿ ನಿಂತ ಮನೆ. ಒಳಗೆ ಹೋಗಿ ಮಲಗಿಬಿಡುತ್ತದೆ. ಬೆಂಕಿ ಹಾಕುವ ದಿನವೇ ಇಡೀ ರಾಶಿಯನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಒಟ್ಟಿ, ಒಂದು ಬದಿಯಿಂದ ಮಾತ್ರ ಹೊತ್ತಿಸಿ. ಟಾರ್ಚ್ ಹಾಕಿ ನೋಡಿದರೆ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ, ಎಲೆಯ ಅಡಿ ಮಲಗಿದ ಪ್ರಾಣಿ ಟಾರ್ಚಿಗೆ ಕಾಣುವುದಿಲ್ಲ. ಗೊಬ್ಬರದ ರಾಶಿಗೆ ಫೋರ್ಕ್ ಚುಚ್ಚುವಾಗಲೂ, ಪೊದೆಯ ಬುಡಕ್ಕೆ ಹುಲ್ಲು ಕತ್ತರಿಸುವ ಸ್ಟ್ರಿಮರ್ ಹಾಕುವಾಗಲೂ ಅಷ್ಟೇ ಎಚ್ಚರ ಬೇಕು.

ಇಷ್ಟು ಹೊತ್ತು "ಮುಟ್ಟಬೇಡಿ, ಎಬ್ಬಿಸಬೇಡಿ" ಎಂದೆ. ಎತ್ತಲೇಬೇಕಾದ ಸಂದರ್ಭಗಳೂ ಇವೆ, ಅವನ್ನು ಗುರುತಿಸುವುದು ಕಲಿಯಬೇಕು. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ತಡವಾಗಿ ಹುಟ್ಟಿದ ಮರಿಗಳಿಗೆ ಕೊಬ್ಬು ಕಟ್ಟಲು ಸಮಯ ಸಿಗುವುದಿಲ್ಲ. ಶಿಶಿರನಿದ್ರೆಗೆ ಹೋಗುವ ಹೊತ್ತಿಗೆ ಕನಿಷ್ಠ 450 ಗ್ರಾಂ ಇರಬೇಕು ಎಂಬುದು ಪ್ರಿಸರ್ವೇಶನ್ ಸೊಸೈಟಿಯ ಸಲಹೆ. 600 ಇದ್ದರೆ ನೆಮ್ಮದಿ ಎನ್ನುವ ಆರೈಕೆದಾರರೂ ಬಹಳ ಇದ್ದಾರೆ. ನವೆಂಬರ್ ಕಳೆದ ಮೇಲೂ ಅಂಗೈ ಗಾತ್ರದ ಮರಿ ಓಡಾಡುತ್ತಿದ್ದರೆ ಅದನ್ನು ತೂಗಿ ನೋಡುವುದು ಒಳ್ಳೆಯದು. ಇನ್ನೊಂದು ಲಕ್ಷಣ ಹಗಲು. ಚಳಿಗಾಲದ ಹಗಲಿನಲ್ಲಿ ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದ ಹೆಜ್‌ಹಾಗ್ ಸುಖವಾಗಿಲ್ಲ. ಮೈಬಿಸಿ ಆರಿಹೋಗಿ ಕುಸಿದಿದೆ. ಕುಡಿದವರಂತೆ ತೂರಾಡುತ್ತಿದ್ದರೂ ಅಷ್ಟೇ. ಎಲೆಗೂಡಿನ ಒಳಗೆ ಬಿಗಿಯಾಗಿ ಉಂಡೆಗಟ್ಟಿ ಮಲಗಿದ್ದರೆ ಶಿಶಿರನಿದ್ರೆ. ಬಯಲಲ್ಲಿ ಸಡಿಲವಾಗಿ ಬಿದ್ದಿದ್ದರೆ ಕಾಯಿಲೆ.

ಆಗ ಮಾಡಬೇಕಾದದ್ದು ಹೀಗೆ. ತೋಟದ ದಪ್ಪ ಕೈಗವಸು ಹಾಕಿಕೊಂಡು ಎರಡೂ ಬದಿಯಿಂದ ಕೈ ತೂರಿಸಿ ಮೇಲಕ್ಕೆತ್ತಿ. ಹತ್ತಿ ಹೊರಬರಲಾರದಷ್ಟು ಎತ್ತರದ ರಟ್ಟಿನ ಪೆಟ್ಟಿಗೆ ಸಾಕು. ಪೆಟ್ಟಿಗೆಯನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಮೊದಲೇ ಇಟ್ಟು ಸೊನ್ನೆ ಮಾಡಿಕೊಂಡಿದ್ದರೆ ತೂಕವೂ ಸಿಗುತ್ತದೆ, ಫೋನಿನಲ್ಲಿ ಆರೈಕೆ ಕೇಂದ್ರದವರು ಕೇಳುವ ಮೊದಲ ಪ್ರಶ್ನೆಯೇ ಅದು. ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಬೇಡ, ಕೈಗೆ ಹಿತವಾಗುವಷ್ಟು ಬಿಸಿ ಇರಲಿ. ಅದನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಬಿಸಿ ಹೆಚ್ಚೆನಿಸಿದರೆ ಪ್ರಾಣಿ ಇನ್ನೊಂದು ಬದಿಗೆ ಸರಿಯಲು ಜಾಗ ಬೇಕು. ಮೇಲೆ ಇನ್ನೊಂದು ಟವೆಲು ಹೊದಿಸಿ. ಚೀಲ ಆರುವುದಕ್ಕೆ ಬಿಡಬೇಡಿ. ಆರಿದ ಚೀಲ ಇದ್ದ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಮೈ ಬೆಚ್ಚಗಾಗುವವರೆಗೆ ಊಟ ಕೊಡಬಾರದು, ತಣ್ಣಗಿನ ಹೊಟ್ಟೆ ಅರಗಿಸಲಾರದು. ಬಾಯಿಗೆ ಏನನ್ನೂ ಹನಿಸಲೂಬಾರದು. ಚಪ್ಪಟೆ ಬಟ್ಟಲಿನಲ್ಲಿ ನೀರಿಟ್ಟು, ಮಕ್ಕಳು, ಟಿವಿ, ನಾಯಿಯ ಸದ್ದಿಲ್ಲದ ಕತ್ತಲೆ ಜಾಗದಲ್ಲಿ ಪೆಟ್ಟಿಗೆ ಇಟ್ಟು, ಕೂಡಲೇ ಹತ್ತಿರದ ಹೆಜ್‌ಹಾಗ್ ಆರೈಕೆ ಕೇಂದ್ರಕ್ಕೆ ಫೋನು ಮಾಡಿ. ನಿಮ್ಮ ಊರಿನ ಕೇಂದ್ರದ ನಂಬರನ್ನು ಇವತ್ತೇ ಹುಡುಕಿ ಬರೆದಿಟ್ಟುಕೊಳ್ಳಿ. ಇವುಗಳಲ್ಲಿ ಎಷ್ಟೋ ಕೇಂದ್ರಗಳನ್ನು ಸಾಮಾನ್ಯ ಜನ ತಮ್ಮ ಮನೆಯ ಗ್ಯಾರೇಜಿನಲ್ಲಿ, ಸ್ವಂತ ದುಡ್ಡಿನಲ್ಲಿ ನಡೆಸುತ್ತಾರೆ. ಹೋಗುವಾಗ ಹಳೆಯ ಪೇಪರು, ಟವೆಲು, ಬೆಕ್ಕಿನ ಆಹಾರದ ಒಂದು ಚೀಲ ಒಯ್ದರೆ ಅವರಿಗೆ ದೊಡ್ಡ ಉಪಕಾರ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.

ಮಗಳ ಮನೆಗೆ ಊರಿನಿಂದ ಬಂದಿದ್ದ ಹಿರಿಯರೊಬ್ಬರು ಮೊದಲು ಕೇಳಿದರು: "ಏನಪ್ಪಾ, ಅಷ್ಟು ಕಷ್ಟ ಯಾಕೆ? ಚಳಿಗಾಲ ಮುಗಿಯೋ ತನಕ ಮನೆಯೊಳಗೇ ಒಂದು ಮೂಲೇಲಿ ಇಟ್ಟುಕೊಂಡು ಸಾಕಿ, ಬೇಸಿಗೆಗೆ ಬಿಟ್ಟರಾಗಲ್ವಾ?"

ಅಮ್ಮಾ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಇದು ಕಾಡುಪ್ರಾಣಿ, ಮನುಷ್ಯರ ವಾಸನೆ, ಸದ್ದಿನ ನಡುವೆ ಇರುವುದೇ ಅದಕ್ಕೆ ಹಿಂಸೆ. ಮನೆಯೊಳಗಿನ ಬಿಸಿಯಲ್ಲಿ ಅದು ಮಲಗುವುದೂ ಇಲ್ಲ. ಕಾಯಿಲೆಯ ಮರಿಗೆ ಶ್ವಾಸಕೋಶದ ಹುಳು ಇರಬಹುದು, ಅದಕ್ಕೆ ಔಷಧಿ ಕೊಡುವುದು ತಿಳಿದವರ ಕೆಲಸ. ಆರೈಕೆ ಕೇಂದ್ರದವರು ಗುಣಪಡಿಸಿ, ತೂಕ ಬರಿಸಿ, ಸಿಕ್ಕ ಜಾಗದ ಹತ್ತಿರವೇ ಬಿಡುತ್ತಾರೆ.

"ನಮ್ಮ ಹಿತ್ತಲಿಗೆ ಒಂದೂ ಬರುವುದಿಲ್ಲ, ಬೇರೆ ಕಡೆಯಿಂದ ಹಿಡಿದು ತಂದು ಬಿಡಬಹುದಾ?" ಎಂದು ಇನ್ನೊಬ್ಬರು ಕೇಳಿದರು.

ದಯವಿಟ್ಟು ಬೇಡ. ಗುರುತಿಲ್ಲದ ಜಾಗದಲ್ಲಿ ಗೂಡು, ನೀರು, ಊಟ ಯಾವುದೂ ಅದಕ್ಕೆ ಗೊತ್ತಿರುವುದಿಲ್ಲ. ಇನ್ನೂ ದೊಡ್ಡ ಅನಾಹುತವಾದ ಉದಾಹರಣೆಯೂ ಇದೆ. 1974ರಲ್ಲಿ ಸ್ಕಾಟ್‌ಲೆಂಡಿನ ಸೌತ್ ಯೂಯಿಸ್ಟ್ ದ್ವೀಪಕ್ಕೆ, ತೋಟದ ಹುಳು ತಿನ್ನಲೆಂದು, ಕೆಲವೇ ಹೆಜ್‌ಹಾಗ್‌ಗಳನ್ನು ತಂದು ಬಿಟ್ಟರು. ಅವು ಸಾವಿರಗಟ್ಟಲೆಯಾಗಿ, ನೆಲದ ಮೇಲೆ ಗೂಡು ಕಟ್ಟುವ ನೀರಕ್ಕಿಗಳ ಮೊಟ್ಟೆ ತಿನ್ನತೊಡಗಿದವು. 2003ರಲ್ಲಿ ಸರ್ಕಾರಿ ಸಂಸ್ಥೆ ಅವುಗಳನ್ನು ಕೊಲ್ಲಲು ಶುರು ಮಾಡಿತು. ಜನ ಪ್ರತಿಭಟಿಸಿ, 2007ರಲ್ಲಿ ಕೊಲ್ಲುವುದು ನಿಂತು, ಹಿಡಿದು ಮುಖ್ಯಭೂಮಿಗೆ ಸಾಗಿಸುವುದು ಶುರುವಾಯಿತು. ನೀವು ಕಂಡಿ ಕೊರೆಯಿರಿ, ಎಲೆ ಬಿಡಿ. ಬರುವುದು ಅದಕ್ಕೆ ಬಿಟ್ಟದ್ದು.

ಒಬ್ಬ ಹುಡುಗಿ ಕೇಳಿದಳು: "ಅಂಕಲ್, ನಾವು ಊಟ ಇಡ್ತಾ ಇದ್ರೆ ಅದು ನಿದ್ದೇನೇ ಮಾಡಲ್ವಾ?"

ಇಲ್ಲ ಪುಟ್ಟಾ, ಮೈ ತುಂಬಿ ಚಳಿ ಬಂದರೆ ಊಟ ಇದ್ದರೂ ಹೋಗಿ ಮಲಗುತ್ತದೆ. ಬಟ್ಟಲು ಕೆಲವು ರಾತ್ರಿ ಹಾಗೇ ಉಳಿದರೆ ಮಲಗಿದೆ ಎಂದುಕೋ. ಆಮೇಲೂ ಒಂದು ಹಿಡಿ ಒಣ ಬೆಕ್ಕಿನ ಬಿಸ್ಕತ್ತು ಇಡು, ನಡುವೆ ಎದ್ದರೆ ಬೇಕಾಗುತ್ತದೆ. ನೀರು ಹೆಪ್ಪುಗಟ್ಟಿದೆಯಾ ಎಂದು ಬೆಳಿಗ್ಗೆ, ಸಂಜೆ ನೋಡು. ಬಟ್ಟಲು ತೊಳೆದ ಮೇಲೆ ಕೈ ಸೋಪಿನಿಂದ ತೊಳೆದುಕೋ, ಅದರಿಂದ ನಮಗೂ ಹುಳುಕಡ್ಡಿ, ಸಾಲ್ಮೊನೆಲ್ಲಾ ಅಂಟಬಹುದು.

ಕೊನೆಗೆ ಒಬ್ಬರು, ಮಾರ್ಚಿನಲ್ಲಿ ಏಳುವಾಗ ನಾವೇನಾದರೂ ಮಾಡಬೇಕೇ ಎಂದರು. ಹೌದು, ಬಹಳ ಜನ ಮರೆಯುವುದು ಇದನ್ನೇ. ಎದ್ದು ಬರುವ ಹೆಜ್‌ಹಾಗ್ ಮೂಳೆ ಚಕ್ಕಳವಾಗಿರುತ್ತದೆ, ಹಸಿವಿಗಿಂತ ಬಾಯಾರಿಕೆ ಹೆಚ್ಚು. ಹುಳು ಇನ್ನೂ ಕಡಿಮೆ, ರಾತ್ರಿ ಹಿಮ ಇನ್ನೂ ಬೀಳುತ್ತಿರುತ್ತದೆ. ಫೆಬ್ರವರಿ ಕೊನೆಯಿಂದಲೇ ನೀರು, ಆಹಾರದ ಬಟ್ಟಲನ್ನು ಮತ್ತೆ ತುಂಬಿಡಿ. ವರ್ಷದ ಮೊದಲ ಹುಲ್ಲು ಕತ್ತರಿಸುವ ಮುನ್ನ ಅಂಚುಗಳಲ್ಲಿ ಕೈಯಾಡಿಸಿ ನೋಡಿ. ತಾನೇ ಓಡುವ ರೋಬೋಟ್ ಯಂತ್ರವಿದ್ದರೆ ಹಗಲಿನಲ್ಲಿ ಮಾತ್ರ ಓಡಿಸಿ. ಗೂಡುಪೆಟ್ಟಿಗೆಯ ಬಾಗಿಲಿಗೆ ಇಟ್ಟ ಕಡ್ಡಿ ವಾರದ ಮೇಲೂ ಅಲ್ಲೇ ಇದ್ದರೆ, ಏಪ್ರಿಲ್ ಬಂದಿದ್ದರೆ, ಆಗ ಮುಚ್ಚಳ ತೆಗೆದು ಹಳೆಯ ಎಲೆ ತೆಗೆದು, ಕುದಿವ ನೀರು ಸುರಿದು ಒಣಗಿಸಿ ಇಡಿ.